ಕ್ಲಚ್ ಇಲ್ಲದ ಗಾಡಿಯ ಕ್ಲಚ್ ರಿಪೇರಿ

ಬಾಗಲಕೋಟೆ ನವನಗರದಲ್ಲಿ ಮನೆ ಮುಂದೆ ಒಂದು ಗಾಡಿ ಬಿಚ್ಚಿ ಕೂತು ನೋಡಿ, ಕರೆಯದೇ ನಾಲ್ಕು ಜನ ಬರುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದವರಿಗೆ ಇಲ್ಲಿ ರಸ್ತೆ ಅಗಲವಾಗಿ ಸಿಕ್ಕಿವೆ. ಸಲಹೆ ಕೊಡುವವರಿಗೆ ನಿಲ್ಲೋಕೆ ಜಾಗದ ತೊಂದರೆ ಇಲ್ಲ.

ಆ ಭಾನುವಾರ ನಾನು ಬಿಚ್ಚಿದ್ದು ಅಣ್ಣನ ಮಗನ ನಾಲ್ಕು ಗಾಲಿಯ ಪುಟ್ಟ ಬೈಕು. 49 ಸಿಸಿ, ಟೂ ಸ್ಟ್ರೋಕ್, ಹಗ್ಗ ಎಳೆದು ಚಾಲೂ ಮಾಡೋದು. ಅಣ್ಣ ಅದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದ. ಹುಡುಗನಿಗೆ ಏಳು ವರ್ಷ. ಎರಡು ವಾರ ಚೆನ್ನಾಗಿ ಓಡಿತು, ಆಮೇಲೆ ಒಂದು ದಿನ ಎಕ್ಸಲೇಟರ್ ಒತ್ತಿದರೆ ಗಿರಣಿ ಹಾಗೆ ಒದರುತ್ತದೆ, ಗಾಡಿ ಮಾತ್ರ ಮುನಿದ ಅಳಿಯನ ಹಾಗೆ ಕೂತಲ್ಲಿಂದ ಏಳುವುದಿಲ್ಲ.

"ಕ್ಲಚ್ ಹೋಗಿದೆ" ಅಂದೆ.

ಪೈಲ್ವಾನ ಹ್ಯಾಂಡಲ್ಲನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ. ಅವನು ಕುಸ್ತಿ ಬಿಟ್ಟು ಬಹಳ ವರ್ಷ ಆಯಿತು, ತೂಕ ಮಾತ್ರ ಅವನನ್ನು ಬಿಟ್ಟಿಲ್ಲ. "ಇರೋ ಎರಡು ಹಿಡಿಕೆಯೂ ಬ್ರೇಕಿನವೇ. ಇಲ್ಲದ ಕ್ಲಚ್ ಎಲ್ಲಿಂದ ಹೋಗುತ್ತೆ ತಮ್ಮಾ?"

"ಕಾಕಾ, ನಿಮ್ಮ ಎಕ್ಸೆಲ್‌ಗೆ ಕ್ಲಚ್ ಇದೆಯಾ?" ಅಂತ ಗಿರಣಿ ಕಾಕಾನನ್ನು ಕೇಳಿದೆ. ಅವರ ಟಿವಿಎಸ್ ಎಕ್ಸೆಲ್ 100 ದಿನಾ ಎರಡು ಚೀಲ ಜೋಳ ಹೊರುತ್ತದೆ.

"ಇಲ್ಲಪ್ಪ. ಒಂದು ದಿನವೂ ಹಿಡಿದಿಲ್ಲ."

"ಮತ್ತೆ ಸಿಗ್ನಲ್‌ನಲ್ಲಿ ಎಂಜಿನ್ ಚಾಲೂ ಇದ್ದರೂ ಗಾಡಿ ಹೇಗೆ ನಿಂತಿರುತ್ತೆ?"

ಕಾಕಾ ಸ್ವಲ್ಪ ಯೋಚಿಸಿ, "ನಾನು ಕಾಲು ಊರಿರ್ತೀನಲ್ಲ" ಅಂದರು.

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಅಂದರೆ ಪಾಠ ಶುರು. "ಸಣ್ಣವರಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಬೀಸಿಲ್ವಾ? ಮೆಲ್ಲಗೆ ತಿರುಗಿಸಿದರೆ ಕಲ್ಲು ಸುಮ್ನೆ ಜೋಲುತ್ತೆ. ಜೋರಾಗಿ ತಿರುಗಿಸಿದರೆ ಹೊರಗೆ ಎಳೆಯುತ್ತೆ. ಇದರೊಳಗೂ ಎಂಜಿನ್ ಜೊತೆ ತಿರುಗುವ ಎರಡು ಶೂ, ಅಂದರೆ ಮೈಗೆ ಉಜ್ಜುವ ಲೈನಿಂಗ್ ಅಂಟಿಸಿದ ತುಂಡು, ಇರುತ್ತವೆ, ಅವುಗಳ ಸುತ್ತ ಬಟ್ಟಲಿನ ಹಾಗೆ ಒಂದು ಡ್ರಮ್. ಎಂಜಿನ್ ಸುಮ್ನೆ ಗೊಣಗುವಾಗ ಸ್ಪ್ರಿಂಗ್ ಶೂಗಳನ್ನು ಒಳಗೆ ಹಿಡಿದಿಟ್ಟಿರುತ್ತೆ. ನಿಮಿಷಕ್ಕೆ 3000 ಸುತ್ತಿನ ಆಸುಪಾಸು ಬಂತು ಅಂದರೆ ಶೂ ಹೊರಗೆ ಸರಿದು ಡ್ರಮ್ಮಿಗೆ ತಾಗಿ ಅದನ್ನೂ ತಿರುಗಿಸುತ್ತವೆ. ಡ್ರಮ್ಮು ಚೈನನ್ನು, ಚೈನು ಗಾಲಿಯನ್ನು. ಇದೇ ಕ್ಲಚ್. ನಿಮ್ಮ ಎಕ್ಸೆಲ್‌ನಲ್ಲೂ ಇದೇ, ಹಳೇ ಲೂನಾದಲ್ಲೂ ಇದೇ."

"ಹಾಗಾದರೆ ಸ್ಪ್ರಿಂಗ್ ಸಡಿಲ ಆಗಿದೆ" ಅಂದ ಪೈಲ್ವಾನ. "ಬಿಗಿಯಾದದ್ದು ಹಾಕು, ಗಟ್ಟಿ ಹಿಡಿಯುತ್ತೆ."

ಇಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದ್ದೆ. ಸ್ಪ್ರಿಂಗ್ ಇರೋದು ಹಿಡಿಯೋಕಲ್ಲ, ಬಿಡಿಸೋಕೆ. ಬಿಗಿ ಸ್ಪ್ರಿಂಗ್ ಹಾಕಿದರೆ ಕ್ಲಚ್ ಇನ್ನೂ ತಡವಾಗಿ ಹಿಡಿಯುತ್ತದೆ. ಸ್ಪ್ರಿಂಗ್ ಸಡಿಲವಾದರೆ, ಇಲ್ಲಾ ತುಂಡಾದರೆ, ಎಂಜಿನ್ ಚಾಲೂ ಮಾಡಿದ ಕೂಡಲೇ ಗಾಡಿ ತಾನೇ ಹೊರಡುತ್ತದೆ. ನಮ್ಮದು ಹೊರಡುತ್ತಲೇ ಇಲ್ಲವಲ್ಲ!

ಮಾಸ್ತರು ಹೇಳಿದ ಹಾಗೆ ಹಿಂದಿನ ಗಾಲಿ ನೆಲಕ್ಕೆ ತಾಗದಂತೆ ಕೆಳಗೆ ಇಟ್ಟಿಗೆ ಇಟ್ಟೆವು. ಎಕ್ಸಲೇಟರ್ ಒತ್ತಿದರೆ ಗಾಲಿ ಗರಗರ ತಿರುಗುತ್ತವೆ. ಅಂದರೆ ಚೈನ್ ಬಿದ್ದಿಲ್ಲ, ಗಾಲಿಯನ್ನು ಆಕ್ಸಲ್ಲಿಗೆ ಕಚ್ಚಿಸುವ ಕೀ ಅನ್ನೋ ಸಣ್ಣ ತುಂಡು ಮುರಿದಿಲ್ಲ. ಇಟ್ಟಿಗೆ ತೆಗೆದು ನೆಲಕ್ಕಿಳಿಸಿದರೆ ಮತ್ತೆ ನಿಂತಲ್ಲೇ ಅರಚಾಟ. ಭಾರ ಇಲ್ಲದಾಗ ತಿರುಗಿ, ಭಾರ ಬಿದ್ದಾಗ ಜಾರುತ್ತದೆ ಅಂದರೆ ತಪ್ಪು ಕ್ಲಚ್ಚಿನದೇ. ಮೂಗು ಹತ್ತಿರ ಒಯ್ದರೆ ಸುಟ್ಟ ಲೈನಿಂಗ್ ವಾಸನೆ, ಘಾಟ್ ಇಳಿಯುವ ಲಾರಿಯ ಹಿಂದೆ ನಿಂತ ಹಾಗೆ.

ಬೋಲ್ಟ್ ಬಿಚ್ಚಿ ಡ್ರಮ್ಮಿನ ಕಡೆಯ ಮುಚ್ಚಳ ಎಳೆದೆ. ಶೂಗಳ ಮೈ ಕನ್ನಡಿಯಾಗಿದೆ. ಡ್ರಮ್ಮಿನ ಒಳಗೆ ನೀಲಿ, ಕಂದು ಬಣ್ಣದ ಉಂಗುರ, ಕಾದ ಕಬ್ಬಿಣ ಆರಿದ ಮೇಲೆ ಬರುತ್ತಲ್ಲ ಅದೇ ಬಣ್ಣ. ಜೊತೆಗೆ ಎಲ್ಲಾ ಕಡೆ ಎಣ್ಣೆ, ತಾಜಾ ಎಣ್ಣೆ.

"ಎಂಜಿನ್ ಸೀಲ್ ಸೋರುತ್ತಿದೆ" ಅಂದರು ಮಾಸ್ತರು.

ಗಿರಣಿ ಕಾಕಾ ಕೆಮ್ಮಿದರು. ಎರಡು ದಿನದ ಹಿಂದೆ ನನಗೆ ಸಹಾಯ ಆಗಲಿ ಅಂತ ಮುಚ್ಚಳದ ತೂತಿನಿಂದ ಅವರೇ ಎರಡು ಚಮಚ ಎಣ್ಣೆ ಬಿಟ್ಟಿದ್ದರಂತೆ. "ನನ್ನ ಎಕ್ಸೆಲ್‌ನ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತೆ ಅಂತ ಮಿಸ್ತ್ರಿ ಹೇಳಿದ್ದ. ಇದು ಪಾಪ ಒಣಗಿತ್ತು."

ಕಾಕಾ ಹೇಳಿದ್ದು ಸುಳ್ಳಲ್ಲ. ಎಕ್ಸೆಲ್ 100ರದ್ದು ಎಣ್ಣೆಯಲ್ಲಿ ಓಡುವ ಕ್ಲಚ್. ದೊಡ್ಡ ಮಕ್ಕಳ 110 ಸಿಸಿ ಫೋರ್ ಸ್ಟ್ರೋಕ್ ಗಾಡಿಗಳದ್ದೂ ಹಾಗೇ. ಅವುಗಳಿಗೂ ಸಿಕ್ಕಿದ ಎಣ್ಣೆ ಹಾಕುವಂತಿಲ್ಲ, ಕಾರಿನ ಎಣ್ಣೆ ಹಾಕಿದರೆ ಅದರಲ್ಲಿರುವ ಜಾರಿಸುವ ಮದ್ದಿಗೆ ಕ್ಲಚ್ ಜಾರಬಹುದು. ಡಬ್ಬಿ ಮೇಲೆ ಜಾಸೋ ಎಂಎ ಅಂತ ಬರೆದ ಬೈಕಿನ ಎಣ್ಣೆ ನೋಡಿ ಹಾಕಬೇಕು. ಆದರೆ ನಮ್ಮ 49 ಸಿಸಿಯದ್ದು ಒಣ ಕ್ಲಚ್. ಇದಕ್ಕೆ ಎಣ್ಣೆ ಹೋಗಬೇಕಾದ್ದು ಪೆಟ್ರೋಲಿನಲ್ಲಿ, ನಮ್ಮ ಗಾಡಿಗೆ ಲೀಟರಿಗೆ 40 ಮಿಲಿ. ಕ್ಲಚ್ಚಿಗೆ ಹನಿಯೂ ಬೇಡ.

"ಎಣ್ಣೆಯ ಕಥೆ ಸರಿ" ಅಂದರು ಮಾಸ್ತರು. "ಕಾಕಾ ಎಣ್ಣೆ ಬಿಟ್ಟಿದ್ದು ಗಾಡಿ ಕೆಟ್ಟ ಮೇಲೆ. ಈ ನೀಲಿ ಉಂಗುರ ಹೇಗೆ ಬಂತು? ಏಳು ವರ್ಷದ ಹುಡುಗನ ಭಾರಕ್ಕೆ ಇಷ್ಟು ಕಾಯಲ್ಲ."

ಹುಡುಗ ಮೆಟ್ಟಿಲ ಮೇಲೆ ಗಿರ್ಮಿಟ್ ತಿನ್ನುತ್ತಾ ಕೂತಿದ್ದ. ತಲೆ ಎತ್ತದೇ, "ಪೈಲ್ವಾನ್ ಕಾಕಾ ರಾತ್ರಿ ಓಡಿಸಿದ್ದರು. ಏರಿನಲ್ಲಿ" ಅಂದ.

ಪೈಲ್ವಾನ ಮಿರ್ಚಿ ಭಜಿ ಬಾಯಿಗಿಟ್ಟುಕೊಂಡ, ಉತ್ತರ ಕೊಡೋ ಪ್ರಶ್ನೆಯೇ ಇಲ್ಲ. ಸೀಟಿನ ಹಿಂದೆ ತೂಕದ ಮಿತಿ ಬರೆದ ಚೀಟಿ ಇದೆ, ಅದರ ಮೇಲೇ ಅವನು ಕೂತಿದ್ದ, ಪಾಪ ಕಾಣಿಸಿರಲಿಕ್ಕಿಲ್ಲ. ಗಾಲಿ ತಿರುಗದಂತೆ ಅಷ್ಟು ಭಾರ ಹಿಡಿದಿರುವಾಗ ಎಕ್ಸಲೇಟರ್ ಪೂರ್ತಿ ಒತ್ತಿದರೆ ಶೂಗಳು ಡ್ರಮ್ಮನ್ನು ಉಜ್ಜುತ್ತಾ ಸುಡದೇ ಏನು ಮಾಡಬೇಕು?

ಬ್ರೇಕ್ ಕ್ಲೀನರ್ ಹೊಡೆದು ಡ್ರಮ್ ಒರೆಸಿದೆ. ಶೂಗಳ ಹೊಳಪು ಹೋಗುವಷ್ಟು ಪಾಲಿಶ್ ಕಾಗದದಿಂದ ಉಜ್ಜಿದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಲೈನಿಂಗ್ ಇನ್ನೂ ದಪ್ಪ ಇತ್ತು. ಎಣ್ಣೆ ಕುಡಿದ ಲೈನಿಂಗ್ ಎಷ್ಟು ಉಜ್ಜಿದರೂ ಒಮ್ಮೊಮ್ಮೆ ಸರಿಹೋಗಲ್ಲ, ಹೊಸದೇ ಹಾಕಬೇಕಾಗುತ್ತದೆ. ನಮ್ಮದು ಬಚಾವ್. ಬಿಚ್ಚಿದ ಒಂದೊಂದು ಸಾಮಾನನ್ನೂ ಮಾಸ್ತರು ಪೇಪರ್ ಮೇಲೆ ಸಾಲಾಗಿ ಜೋಡಿಸಿ, "ಶಿಸ್ತು ಅಂದರೆ ಇದು" ಅಂತ ಪೈಲ್ವಾನನಿಗೆ ತೋರಿಸಿದರು.

ಜೋಡಿಸಿ ಹಗ್ಗ ಎಳೆದೆ. ಚಾಲೂ ಆಯಿತು. ಎಕ್ಸಲೇಟರ್ ಮುಟ್ಟೇ ಇಲ್ಲ, ಗಾಡಿ ತಾನಾಗಿ ಮುಂದೆ ಸರಿದು, ಯಾರೂ ಕೂರದೆಯೇ, ನೇರವಾಗಿ ಗಿರ್ಮಿಟ್ ಬಂಡಿಯ ಕಡೆ ಹೊರಟಿತು.

"ಹಿಡಿರೋ!"

ಗಾಡಿ ಮೇಲೆ ಒಂದು ಕೆಂಪು ದಾರ ಇರುತ್ತದೆ, ಎಳೆದರೆ ಕಳಚಿ ಕೈಗೆ ಬಂದು ಎಂಜಿನ್ ಬಂದ್, ವಾಪಸ್ ಸಿಕ್ಕಿಸುವ ತನಕ ಚಾಲೂ ಆಗಲ್ಲ. ಮಗು ಓಡಿಸುವಾಗ ಹಿಂದೆ ದೊಡ್ಡವರು ಹಿಡಿದುಕೊಳ್ಳಲಿ ಅಂತಲೇ ಮಾಡಿದ್ದು. ಹಿಡಿಯೋಕೆ ನಾಲ್ಕು ಜನ ದೊಡ್ಡವರಿದ್ದೆವು, ಎಳೆದವನು ಹುಡುಗ.

ಎಕ್ಸಲೇಟರ್ ಮುಟ್ಟದಾಗ ಎಂಜಿನ್ ಎಷ್ಟು ಜೋರಾಗಿ ಓಡಬೇಕು ಅಂತ ಹೊಂದಿಸುವ ಐಡಲ್ ಸ್ಕ್ರೂ ಜಾಸ್ತಿ ಆಗಿರಬೇಕು ಅಂದೆ. ಮತ್ತೆ ಇಟ್ಟಿಗೆ ಮೇಲೇರಿಸಿ ಸ್ಕ್ರೂ ಕಡಿಮೆ ಮಾಡಿದೆ. ಎಂಜಿನ್ ಇನ್ನೇನು ಆರಿಹೋಗುವಷ್ಟು ಮೆತ್ತಗಾಯಿತು, ಆದರೂ ಗಾಲಿ ಬಲವಾಗಿ ತಿರುಗುತ್ತಲೇ ಇವೆ. ಹಾಗೆ ಎತ್ತಿಟ್ಟಾಗ ಚೂರು ತಿರುಗೋದು ಸಾಮಾನ್ಯ, ಕಾಲಿನಿಂದ ಒತ್ತಿದರೆ ನಿಲ್ಲಬೇಕು. ಇದು ಟೈರಿಗೆ ಒತ್ತಿದ ನನ್ನ ಚಪ್ಪಲಿಯನ್ನೇ ಎಳೆದುಕೊಂಡು ಹೋಯಿತು. ಅಂದರೆ ಶೂ ಒಳಗೆ ವಾಪಸ್ ಬರುತ್ತಿಲ್ಲ.

ಮತ್ತೆ ಬಿಚ್ಚಿದೆವು. ಸ್ಪ್ರಿಂಗ್ ಎರಡೂ ಗಟ್ಟಿ. ಒಂದು ಶೂ ಬೆರಳಿಂದ ಒತ್ತಿದರೆ ಸಲೀಸಾಗಿ ಆಡುತ್ತದೆ, ಇನ್ನೊಂದು ಹಿಂದಿನ ತಗಡಿಗೆ ಒತ್ತಿಕೊಂಡು ಕಚ್ಚಿ ನಿಂತಿದೆ. ಅದರ ಬೋಲ್ಟಿನ ಕೆಳಗಿನ ವಾಶರ್ ಇಲ್ಲ!

ಅರ್ಧ ಗಂಟೆ ಹುಡುಕಿದೆವು. ಚರಂಡಿ ಅಂಚು, ಪೈಲ್ವಾನನ ಜೇಬು, ಗಿರ್ಮಿಟ್ ತಟ್ಟೆ ಎಲ್ಲಾ ಆಯಿತು. ಕೊನೆಗೆ ಸಿಕ್ಕಿದ್ದು ಪೇಪರ್ ಮೂಲೆಯಲ್ಲಿ. ಗಾಳಿಗೆ ಹಾರದೇ ಇರಲಿ ಅಂತ ಮಾಸ್ತರೇ ಅದನ್ನು ಅಲ್ಲಿ ಭಾರಕ್ಕೆ ಇಟ್ಟಿದ್ದರು. ಪೈಲ್ವಾನ ಏನೂ ಅನ್ನಲಿಲ್ಲ. ಸುಮ್ನೆ ಆ ಪೇಪರ್ ಎತ್ತಿ, ನೀಟಾಗಿ ಮಡಚಿ ಮಾಸ್ತರ ಕೈಗೆ ಕೊಟ್ಟ.

ವಾಶರ್ ಕೂತ ಮೇಲೆ ಗಾಡಿ ನಿಲ್ಲುವಾಗ ನಿಂತಿತು, ಹೋಗುವಾಗ ಹೋಯಿತು. ಹುಡುಗ ಹೆಲ್ಮೆಟ್ ಹಾಕಿಕೊಂಡು ಮೂರು ಸುತ್ತು ಹೊಡೆದ. ಆಮೇಲೆ ಇಳಿದು ನೀರು ಕುಡಿಯೋಕೆ ಹೊರಟ. ತಿರುಗಿ ನೋಡುವಷ್ಟರಲ್ಲಿ ಪೈಲ್ವಾನ ಸೀಟಿನ ಮೇಲೆ, ಮೊಣಕಾಲು ಕಿವಿಯ ಹತ್ತಿರ. "ಟೆಸ್ಟ್ ಅಷ್ಟೇ ತಮ್ಮಾ, ಸಮ ರಸ್ತೆಯಲ್ಲಿ, ಇಲ್ಲಿಂದ ಆ ಕಂಬದವರೆಗೆ" ಅನ್ನುತ್ತಾ ಕಾಕಾನಿಂದ ಹಗ್ಗ ಎಳೆಸಿದ. ಒಮ್ಮೆ, ಎರಡು ಸಲ, ಆರು ಸಲ. ಕಾಕಾ ಬೆವರಿ ಹೋದರು. ಎಂಜಿನ್ ಉಸಿರೇ ಎತ್ತಲಿಲ್ಲ.

ಹುಡುಗ ಬಾಗಿಲಲ್ಲಿ ನಿಂತು ನೀರು ಕುಡಿಯುತ್ತಿದ್ದ. ಅವನ ಚಡ್ಡಿ ಜೇಬಿನಿಂದ ಕೆಂಪು ದಾರ ಇಳಿಬಿದ್ದಿತ್ತು.