ತಾಲ್ಲೂಕು ಆಸ್ಪತ್ರೆಯಲ್ಲಿ ಗಂಜಿ ಸೇವೆ: ಜೊತೆಗೆ ಕರಪತ್ರ ಕೊಡಬಹುದಾ?

ಯುವಕೂಟ_ಕಾರ್ಯದರ್ಶಿ:
ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆ. ನಮ್ಮ ಸಭೆಯ ಯುವಕೂಟದಿಂದ ಪ್ರತಿ ಶನಿವಾರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸುಮಾರು 50 ಜನಕ್ಕೆ ರಾಗಿ ಗಂಜಿ ಕೊಡಬೇಕು ಅಂತಿದ್ದೇವೆ. ಲೋಟದ ಜೊತೆಗೇ ಕರಪತ್ರ ಕೊಡೋಣ ಅಂತ ಕೆಲವರು, ಯೇಸುವಿನ ಹೆಸರೇ ಎತ್ತೋದು ಬೇಡ ಅಂತ ಇನ್ನು ಕೆಲವರು. ಯಾವುದು ಸರಿ? ಅನುಮತಿ, ಅಡುಗೆ ಬಗ್ಗೆಯೂ ತಿಳಿದವರು ಹೇಳಿ.

ವಾರ್ಡ್_ಸಿಸ್ಟರ್:
ಮೊದಲು ಆಡಳಿತ ವೈದ್ಯಾಧಿಕಾರಿಗೆ ಅರ್ಜಿ ಕೊಡಿ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೊಡ್ತೀರಿ, ಎಷ್ಟು ಜನ ಬರ್ತೀರಿ, ಜವಾಬ್ದಾರಿ ಯಾರದು, ಎಲ್ಲ ಬರೆಯಿರಿ. ಸೀಲು ಬಿದ್ದ ಪ್ರತಿ ಕೈಯಲ್ಲೇ ಇರಲಿ, ಗೇಟಿನ ಸೆಕ್ಯುರಿಟಿ ಬದಲಾಗ್ತಾ ಇರ್ತಾರೆ.

ಗಂಜಿಯನ್ನು ರೋಗಿಯ ಜೊತೆ ಇರೋರಿಗೆ ಕೊಡಿ. ರೋಗಿಗೆ ಕೊಡೋದಾದರೆ ಡ್ಯೂಟಿ ಸಿಸ್ಟರ್ ಹೂಂ ಅಂದ ಮೇಲೆಯೇ. ಆಪರೇಷನ್‌ಗೆ ಹೋಗೋರು ಸಾಮಾನ್ಯವಾಗಿ 6 ಗಂಟೆ ಮುಂಚಿನಿಂದ ಏನೂ ತಿನ್ನೋ ಹಾಗಿಲ್ಲ, ಗಂಜಿಯೂ ಊಟದ ಲೆಕ್ಕವೇ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ನೀವು ಪ್ರೀತಿಯಿಂದ ಕೊಟ್ಟ ಒಂದು ಲೋಟಕ್ಕೆ ಆಪರೇಷನ್ ಮುಂದಕ್ಕೆ ಹೋಗಿ, ಕೂಲಿ ಬಿಟ್ಟು ಬಂದವರ ಇನ್ನೊಂದು ದಿನ ಹಾಳಾಗುತ್ತೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರೋರ ವಿಷಯದಲ್ಲೂ ಕೇಳಿಯೇ ಕೊಡಿ.

ಅಡುಗೆ_ಸೇವೆ:
ತಲಾ 200 ಮಿಲಿ ಅಂದರೆ 10 ಲೀಟರ್, 1 ಕೆಜಿ ರಾಗಿ ಹಿಟ್ಟು ಸಾಕು. ಹಿಟ್ಟನ್ನು 2 ಲೀಟರ್ ತಣ್ಣೀರಲ್ಲಿ ಕದಡಿಕೊಂಡು, ಕುದಿಯೋ 8 ಲೀಟರ್ ನೀರಿಗೆ ಸಣ್ಣ ಧಾರೆಯಾಗಿ ಹುಯ್ತಾ ತಿರುವಿ. ಒಣ ಹಿಟ್ಟು ಸುರಿದರೆ ಗಂಟಾಗಿ ಒಳಗೆ ಹಸಿಯಾಗೇ ಉಳಿಯುತ್ತೆ. ಆಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ, ಸೌಟು ತಳಕ್ಕೆ ತಾಗಿಸ್ತಾ ಇರಿ, ಇಲ್ಲದಿದ್ದರೆ ತಳ ಹಿಡಿಯುತ್ತೆ. ಉಪ್ಪಿನದು ಒಂದು ಕ್ಯಾನು, ಬೆಲ್ಲದ್ದು ಬೇರೆ ಕ್ಯಾನು. ಮಜ್ಜಿಗೆ ಬೆರೆಸಬೇಡಿ, ಬಿಸಿಗೆ ಒಡೆಯುತ್ತೆ, ಉಗುರುಬೆಚ್ಚಗಿದ್ದರೆ ಬೇಗ ಹುಳಿ ಬರುತ್ತೆ. ಒಲೆಯಿಂದ ಇಳಿಸಿದ 2 ಗಂಟೆಯೊಳಗೆ ಖಾಲಿಯಾಗಬೇಕು.

ಹಿರಿಯ_ಸಭಾಸೇವಕ:
ಲೋಟದ ಜೊತೆ ಕರಪತ್ರ ಖಂಡಿತ ಬೇಡ. ಹಸಿದವರು ಕೈ ಚಾಚಿದ್ದು ಗಂಜಿಗೆ, ಆ ಹೊತ್ತಲ್ಲಿ ಕಾಗದ ಬೇಡ ಅನ್ನೋಕೆ ಅವರಿಗೆ ಬಾಯಿ ಬರೋದಿಲ್ಲ. ಸತ್ಯವೇದದ (ಬೈಬಲ್) ಲೂಕ 17ರಲ್ಲಿ ಯೇಸು ಗುಣಮಾಡಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಉಪಕಾರ ಹೇಳೋಕೆ ತಿರುಗಿ ಬಂದವನು ಒಬ್ಬನೇ. ಮಿಕ್ಕವರೆಲ್ಲಿ ಅಂತ ಯೇಸು ಕೇಳಿದನು, ಆದರೆ ಅವರಿಗೆ ಕೊಟ್ಟ ಗುಣವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಾಗಂತ ಹೆಸರೇ ಎತ್ತಬಾರದು ಅನ್ನೋದನ್ನೂ ನಾನು ಒಪ್ಪೋದಿಲ್ಲ. ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧರಾಗಿರಿ, ಅದೂ ವಿನಯದಿಂದ ಅಂತ ಒಂದನೇ ಪೇತ್ರ 3:15 ಹೇಳುತ್ತೆ. "ಯಾಕಪ್ಪಾ ಇದೆಲ್ಲ ಮಾಡ್ತೀರಿ?" ಅಂತ ಯಾವುದಾದರೂ ಅಜ್ಜಿ ಕೇಳೇ ಕೇಳ್ತಾರೆ. "ನಾವು ಯೇಸುವನ್ನು ನಂಬಿದವರು ಅಜ್ಜಿ, ಆತನ ಪ್ರೀತಿಗೋಸ್ಕರ ಮಾಡ್ತೀವಿ" ಅನ್ನಿ. ಅವರು ಮುಂದೆ ಕೇಳಿದರೆ ಹೇಳಿ, ಮಾತು ಬೇರೆ ಕಡೆ ತಿರುಗಿಸಿದರೆ ನೀವೂ ತಿರುಗಿಸಿ. ಪ್ರಾರ್ಥನೆ ಮಾಡಲಾ ಅಂತ ಕೇಳಿ ಅವರು ಒಪ್ಪಿದರೆ ಒಂದೇ ನಿಮಿಷ, ಪಕ್ಕದ ಮಂಚಕ್ಕೆ ಕೇಳಿಸದ ಹಾಗೆ. ತಲೆ ಮೇಲೆ ಕೈ ಇಡಬೇಡಿ. ಮಕ್ಕಳ ಹತ್ತಿರ, ಪ್ರಜ್ಞೆ ಸರಿಯಿಲ್ಲದವರ ಹತ್ತಿರ ಧರ್ಮದ ಮಾತೇ ಬೇಡ. "ನಂಬಿದರೆ ಸಾಕು, ಮಾತ್ರೆ ಬೇಡ" ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ಟಿಬಿ ಮಾತ್ರೆ ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಬರುತ್ತೆ.

ವಕೀಲ_ಬಂಧು:
ಕಾನೂನಿನ ಮಾತೂ ತಿಳಿದಿರಲಿ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಪ್ರಚಾರದ ಹಕ್ಕಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆ ಆಮಿಷ ಅನ್ನೋದರಲ್ಲಿ ಉಡುಗೊರೆಯನ್ನೂ ಸೇರಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಕಾಯ್ದೆ ಏನೇ ಇರಲಿ, ಗಂಜಿ ಮತ್ತು ಕರಪತ್ರ ಒಂದೇ ಕೈಯಿಂದ ಹೋದರೆ ದೂರಿಗೆ ದಾರಿ ನೀವೇ ಮಾಡಿಕೊಟ್ಟಂತೆ.

ಯುವಕೂಟ_ಕಾರ್ಯದರ್ಶಿ:
ತುಂಬಾ ಉಪಕಾರವಾಯಿತು. ಯಾರಾದರೂ ತಾವಾಗಿಯೇ ಸತ್ಯವೇದ ಕೇಳಿದರೆ?

ಹಿರಿಯ_ಸಭಾಸೇವಕ:
ಆಸ್ಪತ್ರೆಯೊಳಗೆ ಕೊಡಬೇಡಿ. ಅವರ ನಂಬರ್ ಬರೆದುಕೊಳ್ಳಬೇಡಿ, ನಿಮ್ಮದನ್ನು ಕೊಡಿ. ಡಿಸ್ಚಾರ್ಜ್ ಆದ ಮೇಲೆ ಬೇಕಿದ್ದರೆ ಅವರೇ ಫೋನ್ ಮಾಡ್ತಾರೆ. ಹೊಸದಾಗಿ ಓದೋರಿಗೆ ಮಾರ್ಕನ ಸುವಾರ್ತೆ ಕೊಡಿ, 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಇನ್ನೊಂದು ವಿಷಯ, ವಾರ್ಡಿನಲ್ಲಿ ಫೋಟೋ ತೆಗೆದು ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕೋದನ್ನು ಮೊದಲ ದಿನವೇ ನಿಲ್ಲಿಸಿ.