ಮನೆಗೆಲ್ಲ ಒಂದೇ ವೈಫೈ ಪ್ರಿಂಟರ್: ನಿಮ್ಮಲ್ಲಿ ಹೇಗೆ ಮಾಡ್ಕೊಂಡಿದ್ದೀರಿ?

ಕೇಳಿದವರು, ಮೈಸೂರು

ಮೂರು ವಾರದ ಹಿಂದೆ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡ್ವಿ, ವೈಫೈ ಇರೋದು. ಮಗಳಿಗೆ ಎಂಟನೇ ಕ್ಲಾಸು, ವಾರಕ್ಕೆರಡು ಪ್ರಾಜೆಕ್ಟು. ಮಾವನವರಿಗೆ ಪಹಣಿ, ಬ್ಯಾಂಕಿನ ಕಾಗದ. ನಮ್ಮೆಜಮಾನ್ರಿಗೆ ಆಫೀಸ್ ಲ್ಯಾಪ್‌ಟಾಪು. ರಸ್ತೆ ತುದಿಯ ಜೆರಾಕ್ಸ್ ಅಂಗಡಿಗೆ ಓಡೋದು ತಪ್ಪಿತು ಅಂತ ಖುಷಿಪಟ್ಟಿದ್ದೆ. ಈಗ ಅಂಗಡಿಯೇ ವಾಸಿ ಅನ್ನಿಸ್ತಿದೆ.

ಪ್ರಿಂಟರ್ ಇರೋದು ಕೆಳಗಡೆ ಹಾಲಿನಲ್ಲಿ. ಅತ್ತೆ ತಮ್ಮ ಫೋನಿಂದ ಕೊಟ್ಟರೆ ಸಲೀಸಾಗಿ ಬರುತ್ತೆ. ಮಹಡಿ ಮೇಲಿಂದ ನಾನು ಕೊಟ್ಟರೆ ಪ್ರಿಂಟರೇ ಸಿಗಲ್ಲ. ಅದೇ ಫೋನ್ ಹಿಡ್ಕೊಂಡು ಮೆಟ್ಟಿಲಿಳಿದು ಬಂದ್ರೆ ಸಿಗುತ್ತೆ! ಕರೆಂಟ್ ಹೋಗಿ ಬಂದ ದಿನ ಹಾಲಿನಲ್ಲೇ ಇರೋ ಕಂಪ್ಯೂಟರಿಗೂ "ಆಫ್‌ಲೈನ್". ಎಜಮಾನ್ರ ಲ್ಯಾಪ್‌ಟಾಪಿಗಂತೂ ಪ್ರಿಂಟರ್ ಪಕ್ಕದಲ್ಲೇ ಕೂತರೂ ಕಾಣಲ್ಲ. ಅಂಗಡಿಯವರಿಗೆ ಫೋನ್ ಮಾಡಿದ್ರೆ "ಆಫ್ ಮಾಡಿ ಆನ್ ಮಾಡಿ ಮೇಡಂ" ಬಿಟ್ಟು ಬೇರೆ ಮಾತಿಲ್ಲ. ನಿಮ್ಮ ಮನೆಗಳಲ್ಲಿ ಹೇಗೆ ಸರಿ ಮಾಡ್ಕೊಂಡ್ರಿ ಅಂತ ಹೇಳಿ, ಪುಣ್ಯ ಬರುತ್ತೆ.

ಬೆಂಗಳೂರು, ಜಯನಗರ

ಮೊದಲು 2.4, 5 ಗಿಗಾಹರ್ಟ್ಸ್ ವಿಚಾರ ನೋಡಿ ಮೇಡಂ, ರೂಟರ್ ವೈಫೈ ಕಳಿಸೋ ಎರಡು ಬೇರೆ ಬೇರೆ ಅಲೆಗಳು ಅವು. ಮನೆಗೆ ತಗೊಳ್ಳೋ ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4 ಮಾತ್ರ ಹಿಡಿಯೋದು. ನಮ್ಮ ರೂಟರಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿತ್ತು. ನಾನು 5ರ ಹೆಸರನ್ನ ಪ್ರಿಂಟರಿನ ಪಟ್ಟಿಯಲ್ಲಿ ಹುಡುಕ್ತಾ ಒಂದು ಭಾನುವಾರ ಪೂರ್ತಿ ಕಳೆದೆ. ಸೇರಿಸೋ ಹೊತ್ತಿನಲ್ಲಷ್ಟೇ ಈ ತಕರಾರು. ಆಮೇಲೆ ಫೋನು 5ರಲ್ಲಿದ್ದು ಪ್ರಿಂಟರ್ 2.4ರಲ್ಲಿದ್ರೂ ನಡೆಯುತ್ತೆ, ರೂಟರ್ ಒಂದೇ ಆಗಿದ್ರೆ ಆಯ್ತು. ಗೆಸ್ಟ್ ವೈಫೈಗೆ ಮಾತ್ರ ಪ್ರಿಂಟರ್ ಸೇರಿಸಬೇಡಿ, ಅಲ್ಲಿ ಸಾಮಾನ್ಯವಾಗಿ ಇಂಟರ್ನೆಟ್ ಸಿಗುತ್ತೆ, ಮನೆಯೊಳಗಿನ ಬೇರೆ ಸಾಮಾನು ಕಾಣಲ್ಲ.

ಕೇಳಿದವರು, ಮೈಸೂರು

ಸೇರೋದೇನೋ ಸೇರಿದೆ ಸರ್, ಅತ್ತೆ ಫೋನಿಂದ ಬರ್ತಿದೆಯಲ್ಲ.

ತುಮಕೂರು

ಯುಎಸ್‌ಬಿ ಕೇಬಲ್ ಹಾಕ್ಕೊಳ್ಳಿ, ಕಥೆ ಮುಗೀತು. ಕಂಪ್ಯೂಟರಿಂದ ಎಲ್ಲರಿಗೂ ಶೇರ್ ಕೊಡಿ. ವೈಫೈ ಪ್ರಿಂಟರ್ ಅನ್ನೋದೇ ತಲೆನೋವು.

ಹಾಸನ

ಮೇಲಿನವರಿಗೆ: ನಾವು ಹಾಗೇ ಮಾಡಿ ಕೈ ಸುಟ್ಕೊಂಡವರು. ಯಾರಿಗೆ ಒಂದು ಹಾಳೆ ಬೇಕಾದ್ರೂ ಆ ಕಂಪ್ಯೂಟರ್ ಎದ್ದಿರಬೇಕು. ರಾತ್ರಿ ಹತ್ತಕ್ಕೆ ಮಗ ಬಂದು "ಅಪ್ಪಾ, ಕಂಪ್ಯೂಟರ್ ಆನ್ ಮಾಡು" ಅಂತಾನೆ. ಜೊತೆಗೆ 2021ರಲ್ಲಿ ವಿಂಡೋಸಿನಲ್ಲಿದ್ದ ಪ್ರಿಂಟ್‌ನೈಟ್‌ಮೇರ್ ಅನ್ನೋ ಭದ್ರತಾ ಲೋಪ ಮುಚ್ಚಿದ ಮೇಲೆ ಈ ಶೇರಿಂಗ್ ಬಹಳ ಬಿಗಿಯಾಯ್ತು. ಒಂದು ಕಂಪ್ಯೂಟರಿಗೆ ಅಪ್‌ಡೇಟ್ ಆಗಿ ಇನ್ನೊಂದಕ್ಕೆ ಆಗದೇ ಇದ್ರೆ ಉದ್ದುದ್ದ ಸೊನ್ನೆಗಳ ಎರರ್ ನಂಬರ್ ಬರುತ್ತೆ. ಪ್ರಿಂಟರಿನಲ್ಲೇ ವೈಫೈ ಇರುವಾಗ ಆ ದಾರಿ ಯಾಕೆ?

ಪುತ್ತೂರು

ಮೇಲೆ ಹೋದ್ರೆ ಇಲ್ಲ, ಕೆಳಗೆ ಬಂದ್ರೆ ಉಂಟು ಅಂದ್ರೆ ನಿಮ್ಮ ಮಹಡಿಯಲ್ಲಿ ಇನ್ನೊಂದು ರೂಟರ್ ಉಂಟು, ಅಲ್ವಾ? ಕೆಳಗಿನ ಫೈಬರ್ ಡಬ್ಬಿಯಿಂದ ವಯರ್ ಎಳೆದು ಮೇಲೆ ಒಂದು ಇಟ್ಟಿರ್ತೀರಿ. ನಮ್ಮದು ಕೆಂಪು ಕಲ್ಲಿನ ಹಳೇ ಮನೆ ಮಾರಾಯ್ರೆ, ಗೋಡೆ ಒಂದೊಂದು ಮುಕ್ಕಾಲು ಅಡಿ, ಒಂದು ಕೋಣೆ ದಾಟಿದ್ರೆ ಸಿಗ್ನಲ್ ಸತ್ತು ಹೋಗ್ತದೆ. ಹಾಗಾಗಿ ನಾವೂ ಎರಡು ಇಟ್ಟದ್ದು. ಆಮೇಲೆ ಶುರುವಾಯ್ತು ಇದೇ ಕಥೆ.

ಈಗ ಒಂದು ಕೆಲಸ ಮಾಡಿ. ಮೇಲೆ ನಿಂತು ಫೋನಿನ ವೈಫೈ ಹೆಸರನ್ನು ಒತ್ತಿ, ಒಳಗೆ ಐಪಿ ಅಡ್ರೆಸ್ ಅಂತ ಕಾಣ್ತದೆ. ಬರೆದಿಟ್ಟುಕೊಳ್ಳಿ. ಕೆಳಗೆ ಹೋಗಿ ಪುನಃ ನೋಡಿ. ನಮ್ಮಲ್ಲಿ ಕೆಳಗೆ 192.168.1.7 ಇದ್ದದ್ದು ಮೇಲೆ 192.168.0.104 ಆಗ್ತಿತ್ತು. ಮೂರನೇ ಸಂಖ್ಯೆ ಬದಲಾಯ್ತಲ್ಲ, ಅಲ್ಲೇ ಉಂಟು ಗುಟ್ಟು. ಒಂದೇ ಮನೆ, ಆದರೆ ವಠಾರ ಎರಡು. ಫೋನು ಪ್ರಿಂಟರನ್ನು ಹುಡುಕುವುದು ಹೇಗೆ ಅಂದ್ರೆ "ಇಲ್ಲಿ ಪ್ರಿಂಟರ್ ಯಾರಾದ್ರೂ ಇದ್ದೀರಾ?" ಅಂತ ವಠಾರಕ್ಕೆಲ್ಲ ಕೂಗಿ. ಆ ಕೂಗು ಮೇಲಿನ ರೂಟರಿನ ಬಾಗಿಲು ದಾಟುವುದಿಲ್ಲ. ಐಫೋನಿನ ಏರ್‌ಪ್ರಿಂಟ್ ಆಗಲಿ, ಆಂಡ್ರಾಯ್ಡ್ 8ರಿಂದ ಫೋನಿನಲ್ಲೇ ಬರುವ ಪ್ರಿಂಟ್ ಸರ್ವೀಸ್ ಆಗಲಿ, ಎಲ್ಲ ಕೂಗುವ ಜಾತಿಯೇ.

ಮದ್ದು ಸುಲಭ. ಮೇಲಿನ ರೂಟರಿನ ಸೆಟ್ಟಿಂಗ್ಸಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಉಂಟಾ ನೋಡಿ, ಅದನ್ನು ಹಾಕಿ. ಆಗ ಅದು ಸ್ವಂತ ವಿಳಾಸ ಹಂಚುವುದು ಬಿಟ್ಟು, ಕೆಳಗಿನದ್ದೇ ವಠಾರವನ್ನು ಮೇಲಕ್ಕೆ ವಿಸ್ತರಿಸ್ತದೆ. ಹಳೇ ರೂಟರ್, ಆ ಮೋಡ್ ಇಲ್ಲ ಅಂದ್ರೆ: ಅದರ ವಿಳಾಸವನ್ನು 192.168.1.2 ಮಾಡಿ (ಕೆಳಗಿನದ್ದು 192.168.1.1 ಇದ್ದರೆ), ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕಡೆಗೆ ಕೆಳಗಿನಿಂದ ಬಂದ ವಯರನ್ನು ವ್ಯಾನ್ (WAN) ತೂತಿನಿಂದ ಕಿತ್ತು ಪಕ್ಕದ ಲ್ಯಾನ್ (LAN) ತೂತಿಗೆ ಚುಚ್ಚಿ. ನಮ್ಮಲ್ಲಿ ವ್ಯಾನಿನದ್ದು ನೀಲಿ ಬಣ್ಣ, ಲ್ಯಾನ್ ನಾಲ್ಕೂ ಹಳದಿ. ಈ ಕ್ರಮ ತಪ್ಪಿಸಬೇಡಿ. ನಾನು ಮೊದಲು ವಯರ್ ಬದಲಿಸಿ ಆಮೇಲೆ ಡಿಎಚ್‌ಸಿಪಿ ಆಫ್ ಮಾಡ್ಲಿಕ್ಕೆ ಹೋದೆ. ಎರಡೂ ರೂಟರ್ ವಿಳಾಸ ಹಂಚಲಿಕ್ಕೆ ಕೂತು, ಮನೆಯಲ್ಲಿ ಒಬ್ಬರಿಗೂ ಇಂಟರ್ನೆಟ್ ಇಲ್ಲ. ಅವತ್ತು ಮ್ಯಾಚ್ ಬೇರೆ. ಅಣ್ಣನ ಮುಖ ನೋಡ್ಲಿಕ್ಕಾಗ್ಲಿಲ್ಲ.

ಕೇಳಿದವರು, ಮೈಸೂರು

ಮೇಲೆ ರೂಟರ್ ಇದೆ ಅಂತ ನಾನು ಹೇಳೇ ಇರಲಿಲ್ಲ, ನಿಮಗೆ ಹೇಗೆ ಗೊತ್ತಾಯ್ತು ಸರ್! ಈಗಷ್ಟೇ ನೋಡಿದೆ: ಕೆಳಗೆ 1, ಮೇಲೆ 0. ಶನಿವಾರ ಕೂತ್ಕೋತೀನಿ.

ಹುಬ್ಬಳ್ಳಿ

ಪುತ್ತೂರಿನವರು ಮಹಡಿದು ಬಗಿಹರಿಸಿದ್ರು. ಕರೆಂಟ್ ಹೋಗಿ ಬಂದಮ್ಯಾಲೆ ಆಫ್‌ಲೈನ್ ಆಗೋದರ ಬಗ್ಗೆ ನಾ ಹೇಳ್ತೀನಿ ಅಕ್ಕಾರ, ಇದರಾಗ ನನಗ ಡಾಕ್ಟರೇಟ್ ಕೊಡಬೇಕು.

ಕರೆಂಟ್ ಬಂದ ಕೂಡ್ಲೆ ಪ್ರಿಂಟರ್ ಅರ್ಧ ನಿಮಿಷದಾಗ ಎದ್ದು ಕುಂದರ್ತದ. ಫೈಬರ್ ಡಬ್ಬಿಗೆ ಎರಡ್ಮೂರು ನಿಮಿಷ ಬೇಕು. ಅಷ್ಟರಾಗ ಪ್ರಿಂಟರ್ ಹುಡುಕಿ ಹುಡುಕಿ ಸುಮ್ಮನಾಗಿಬಿಡ್ತದ. ನಮ್ಮ ಮನಿದು ಆಮ್ಯಾಲೆ ತಾನಾಗಿ ಏಳೋದೇ ಇಲ್ಲ. ಇದಕ್ಕ ನಾ ಮಾಡಿದ್ದು ಇಷ್ಟ: ರೂಟರಿಗಂತನ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗ್ತಾವ, ಒಂದು ತಂದು ಹಚ್ಚಿದೆ. ಕರೆಂಟ್ ಹೋದ್ರೂ ರೂಟರ್ ಎದ್ದೇ ಇರ್ತದ, ಪ್ರಿಂಟರ್ ಬಂದ ಕೂಡ್ಲೆ ಕೈ ಹಿಡೀತದ.

ಎರಡನೇದ್ದು ಇನ್ನೂ ಮುಖ್ಯ. ರೂಟರ್ ವಿಳಾಸ ಕೊಡೋದು ಬಾಡಿಗಿ ಲೆಕ್ಕದಾಗ, ಕಾಯಂ ಅಲ್ಲ. ನಿನ್ನೆ ಪ್ರಿಂಟರಿಗೆ ಕೊನೇ ಅಂಕಿ 5 ಇತ್ತು, ಕರೆಂಟ್ ಹೋಗಿ ಬಂದಮ್ಯಾಲೆ 5 ಟಿವಿಗೆ ಹೋತು, ಪ್ರಿಂಟರಿಗೆ 9 ಬಂತು. ಕಂಪ್ಯೂಟರ್ ಪಾಪ ಹಳೇ 5ರ ಬಾಗಿಲಾ ಬಡಕೋತ ಕುಂದರ್ತದ. ಟಿವಿ ಏನ್ ಪ್ರಿಂಟ್ ತೆಗೀತದೇನ್ರಿ?

ಅದಕ್ಕ ಪ್ರಿಂಟರಿಗೆ ಒಂದು ಕಾಯಂ ವಿಳಾಸ ಮಾಡಿಕೊಡ್ರಿ. ಪ್ರಿಂಟರಿನ್ಯಾಗ ನೆಟ್‌ವರ್ಕ್ ಮಾಹಿತಿ ಹಾಳೆ ಪ್ರಿಂಟ್ ಮಾಡೋ ಗುಂಡಿ ಇರ್ತದ, ಮ್ಯಾನುಯಲ್ ನೋಡ್ರಿ. ಆ ಹಾಳಿಮ್ಯಾಲೆ ಮ್ಯಾಕ್ ಅಡ್ರೆಸ್ ಅಂತ ಆರು ಜೋಡಿ ಅಕ್ಷರ-ಅಂಕಿ ಇರ್ತಾವ. ಆಮ್ಯಾಲೆ ರೂಟರಿನ ಪೇಜಿಗೆ ಹೋಗ್ರಿ, ವಿಳಾಸ ಮತ್ತ ಪಾಸ್‌ವರ್ಡ್ ಬಹಳ ಸಲ ರೂಟರಿನ ತಳದ ಸ್ಟಿಕರಿನ್ಯಾಗ ಇರ್ತದ. ಅಲ್ಲಿ "ಅಡ್ರೆಸ್ ರಿಸರ್ವೇಶನ್" ಅಥವಾ "ಸ್ಟ್ಯಾಟಿಕ್ ಲೀಸ್", ಒಂದೊಂದು ರೂಟರಿಗೆ ಒಂದೊಂದು ಹೆಸರು. ಅದರಾಗ ಆ ಮ್ಯಾಕ್ ಹಾಕಿ, ಎದುರಿಗೆ 192.168.1.50 ಅಂತ ಬರೀರಿ. ಪ್ರಿಂಟರ್ ಆಫ್ ಮಾಡಿ ಆನ್ ಮಾಡ್ರಿ.

ಇಷ್ಟಕ್ಕ ಮುಗೀಲಿಲ್ಲ. ವಿಂಡೋಸ್ ತಾನಾಗಿ ಹುಡುಕಿ ಪ್ರಿಂಟರ್ ಸೇರಿಸಿದಾಗ ಬಹಳ ಸಲ ಡಬ್ಲ್ಯುಎಸ್‌ಡಿ ಅನ್ನೋ ಪೋರ್ಟ್ (ಪ್ರಿಂಟರಿಗೆ ಹೋಗೋ ದಾರಿ) ಹಾಕ್ಕೊಂಡಿರ್ತದ. ಅದೂ ಕೂಗಿ ಹುಡುಕೋದೇ, ಉತ್ತರ ತಡ ಆತಂದ್ರ ಆಫ್‌ಲೈನ್ ಅಂತದ. ಆ ಪ್ರಿಂಟರ್ ತೆಗೆದು ಹಾಕಿ, ಹೊಸದಾಗಿ ಸೇರಿಸುವಾಗ "ಮ್ಯಾನುಯಲಿ" ಅನ್ನೋದು ಒತ್ತಿ, ಐಪಿ ಅಡ್ರೆಸ್ ಹಾಕಿ ಸೇರಿಸೋ ಆಯ್ಕೆ ತಗೊಂಡು, ಆ 50ರ ವಿಳಾಸ ಕೊಡ್ರಿ. ನಮ್ಮ ಮನ್ಯಾಗ ಎರಡು ವರ್ಷ ಆತು, ಆಫ್‌ಲೈನ್ ಅನ್ನೋ ಮಾತು ಕೇಳಿಲ್ಲ.

ಚಿತ್ರದುರ್ಗ

ಯುಪಿಎಸ್ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ನಿಮ್ಮದು ಇಂಕ್ ಟ್ಯಾಂಕ್, ಅದಕ್ಕೆ ಚಿಂತೆ ಇಲ್ಲ. ಲೇಸರ್ ಪ್ರಿಂಟರ್ ಇಟ್ಕೊಂಡವರು ಅದನ್ನ ಮನೆ ಯುಪಿಎಸ್ಸಿಗೆ ಕೊಡಬೇಡಿ. ಒಳಗಿನ ರೋಲರ್ ಬಿಸಿ ಮಾಡೋಕೆ ಅದು ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತೆ. ನಮ್ಮಲ್ಲಿ ಪ್ರಿಂಟ್ ಕೊಟ್ಟಾಗೆಲ್ಲ ಫ್ಯಾನ್ ನಿಧಾನವಾಗಿ, ಒಂದಿನ ಯುಪಿಎಸ್ ಕಿರುಚಿ ನಿಂತೇ ಹೋಯ್ತು. ಇಂಕಿನವರು ಮಾಡೋ ತಪ್ಪು ಬೇರೆ: ರಾತ್ರಿ ಗೋಡೆ ಸ್ವಿಚ್ ಆರಿಸಿಬಿಡ್ತಾರೆ. ಮೊದಲು ಪ್ರಿಂಟರಿನ ಗುಂಡಿಯಲ್ಲೇ ಆಫ್ ಮಾಡಿ. ಆಗ ಅದು ಇಂಕ್ ಚಿಮ್ಮಿಸೋ ಹೆಡ್ಡನ್ನ ಅದರ ಜಾಗಕ್ಕೆ ಕೊಂಡೊಯ್ದು ಮುಚ್ಚುತ್ತೆ. ಇಲ್ಲದಿದ್ರೆ ಇಂಕ್ ಒಣಗಿ ಗೆರೆಗೆರೆ ಬರುತ್ತೆ. ವಾರಕ್ಕೊಂದು ಬಣ್ಣದ ಹಾಳೆ ತೆಗೀತಿರಿ.

ಬೆಂಗಳೂರು, ವೈಟ್‌ಫೀಲ್ಡ್

ನಿಮ್ಮ ಯಜಮಾನರದ್ದು ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಸೇರಿಸೋ ವ್ಯವಸ್ಥೆ) ಇರಬೇಕು. ನನ್ನ ಆಫೀಸ್ ಲ್ಯಾಪ್‌ಟಾಪೂ ಹಾಗೇ. ವಿಪಿಎನ್ ಹಾಕಿದ ತಕ್ಷಣ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲಿಲ್ಲ, ಆಫೀಸಿನಲ್ಲಿದೆ ಅಂತ ಲೆಕ್ಕ. ಒಂದಡಿ ದೂರದ ಪ್ರಿಂಟರಿಗೂ ದಾರಿ ಇರಲ್ಲ. ಡಿಸ್ಕನೆಕ್ಟ್ ಮಾಡಿ ಪ್ರಿಂಟ್ ಕೊಟ್ಟು ನೋಡಲಿ. ಆಗಲೂ ಬರಲಿಲ್ಲ ಅಂದ್ರೆ ಕಂಪನಿಯವರೇ ಬೀಗ ಹಾಕಿದ್ದಾರೆ, ಅವರ ಐಟಿ ವಿಭಾಗವನ್ನೇ ಕೇಳಬೇಕು. ನೀವು ಮನೆಯಲ್ಲಿ ಕೂತು ಅದರ ಜೊತೆ ಗುದ್ದಾಡಬೇಡಿ. ಆಫೀಸಿನ ಫೈಲನ್ನ ವಾಟ್ಸಾಪಿಗೆ ಹಾಕ್ಕೊಂಡು ಫೋನಿಂದ ತೆಗೆಯೋ ಉಪಾಯವೂ ಬೇಡ, ಕೆಲಸಕ್ಕೇ ಕುತ್ತು ತರೋ ವಿಷಯ ಅದು.

ಶಿವಮೊಗ್ಗ, ನಿವೃತ್ತ ಶಿಕ್ಷಕರು

ನೆಟ್‌ವರ್ಕಿನ ವಿಚಾರ ನನಗೆ ಇಷ್ಟೊಂದು ತಿಳಿಯದು ತಾಯಿ, ಅದೆಲ್ಲ ಮಗ ಮಾಡಿಕೊಟ್ಟಿದ್ದಾನೆ. ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಸಂಘದ ಸಭೆಯ ನಡಾವಳಿಯನ್ನು ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ, ಫೈಲನ್ನು ಫೋನಿಗೆ ಕಳಿಸಿಕೊಂಡು ಅಲ್ಲಿಂದ ಪ್ರಿಂಟು ಕೊಟ್ಟೆ. ಎರಡು ಪುಟ ತುಂಬ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಪ್ರಶ್ನಾರ್ಥಕ! ಪ್ರಿಂಟರೇ ಕೆಟ್ಟಿತು ಎಂದು ಮಗನಿಗೆ ಫೋನಿಸಿದೆ. ಯೂನಿಕೋಡ್ ಅಲ್ಲದ ನುಡಿ, ಬರಹ ಅಕ್ಷರಗಳು ಆ ಫಾಂಟು ಇಲ್ಲದ ಫೋನಿನಲ್ಲಿ ಹೀಗೇ ಕಾಣುವುದಂತೆ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಿದರೆ ಯಾವ ಫೋನಿನಿಂದಾದರೂ ಸರಿಯಾಗಿ ಬರುತ್ತದೆ. ನಿಮ್ಮ ಮಗಳ ಶಾಲೆಯಿಂದ ಬರುವ ಕನ್ನಡ ಫೈಲುಗಳಿಗೂ ಇದು ನೆನಪಿರಲಿ.

ಧಾರವಾಡ

ಹಳೇ ಲೇಖನ ಓದಿ ಗೂಗಲ್ ಕ್ಲೌಡ್ ಪ್ರಿಂಟ್ (ಇಂಟರ್ನೆಟ್ ಮ್ಯಾಲಿಂದ ಪ್ರಿಂಟ್ ಕೊಡೋ ಸೇವೆ) ಹುಡುಕಬ್ಯಾಡ್ರಿ, ಅದು 2020ರ ಕೊನೆಗೇ ಮುಚ್ಚೇತಿ. ಮತ್ತ, ಮುಂದ ರೂಟರ್ ಬದಲಿಸಿದ್ರ ಹೊಸದಕ್ಕ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಅಕ್ಷರ ತಪ್ಪದಂಗ ಕೊಡ್ರಿ. ಪ್ರಿಂಟರ್, ಟಿವಿ, ಕ್ಯಾಮೆರಾ ಎಲ್ಲಾ ತಾವ ಬಂದು ಸೇರ್ತಾವ. ರೂಟರಿನ ವೈಫೈ ಸೆಕ್ಯುರಿಟಿ ಬರೇ ಡಬ್ಲ್ಯುಪಿಎ3 ಇಟ್ರ ಹಳೇ ಪ್ರಿಂಟರ್ ಸೇರೂದಿಲ್ಲ, ಡಬ್ಲ್ಯುಪಿಎ2 ಮತ್ತ 3 ಕೂಡಿದ್ದು ಇಡ್ರಿ.

ಕೇಳಿದವರು, ಮೈಸೂರು

ಎಲ್ಲರಿಗೂ ವರದಿ ಒಪ್ಪಿಸ್ತಿದ್ದೀನಿ.

ಶನಿವಾರ ಮಧ್ಯಾಹ್ನ ಊಟ ಆದ್ಮೇಲೆ ಮೇಲಿನ ರೂಟರಿಗೆ ಕೂತೆ. ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು, ಒತ್ತಿದೆ, ಅದು ತಾನೇ ಆಫ್ ಆಗಿ ಆನ್ ಆಯ್ತು. ಫೋನಿನಲ್ಲಿ ನೋಡಿದ್ರೆ ಮೂರನೇ ಸಂಖ್ಯೆ ಮೇಲೂ 1. ಮಂಚದ ಮೇಲೆ ಕೂತೇ ಮಗಳ ಭೂಪಟ ಕೊಟ್ಟೆ. ಕೆಳಗಿಂದ ಪ್ರಿಂಟರ್ ಗರಗರ ಅನ್ನೋದು ಕೇಳಿಸ್ತು ನೋಡಿ, ಮೆಟ್ಟಿಲ ಮೇಲೆ ಓಡಿದೆ.

ಹುಬ್ಬಳ್ಳಿಯವರು ಹೇಳಿದ 50ರ ವಿಳಾಸ ಕೊಡೋಕೆ ಒಂದು ಗಂಟೆ ಹಿಡೀತು. ಮ್ಯಾಕ್ ಅಡ್ರೆಸ್ಸಿನ 8 ಅನ್ನೋದನ್ನ ನಾನು ಬಿ ಅಂತ ಓದಿದ್ದೆ. ಭಾನುವಾರ ಸಂಜೆ ಕರೆಂಟ್ ಎರಡು ಸಲ ಹೋಗಿ ಬಂತು. ಪ್ರಿಂಟರನ್ನ ಒಂದು ಸಲ ಆಫ್ ಮಾಡಿ ಆನ್ ಮಾಡಬೇಕಾಯ್ತು, ಕಂಪ್ಯೂಟರ್ ಕಡೆಯಿಂದ ಏನೂ ತೊಂದರೆ ಇಲ್ಲ. ಆ ಸಣ್ಣ ಯುಪಿಎಸ್ ಇನ್ನೂ ತಂದಿಲ್ಲ.

ಎಜಮಾನ್ರದ್ದು ವಿಪಿಎನ್ನೇ. ಆದ್ರೆ ಅವರು ಈ ಮಾತು ಕೇಳೋಕೆ ಮುಂಚೆ ಸೋಮವಾರ ಬೆಳಿಗ್ಗೆಯಿಂದ ತಮ್ಮ ವಿಮಾ ಪಾಲಿಸಿಯ ಅರ್ಜಿಯನ್ನ ಏಳು ಸಲ ಪ್ರಿಂಟ್ ಕೊಟ್ಟು, ಬರ್ಲಿಲ್ಲ ಅಂತ ಬೈಕೊಂಡು ಸುಮ್ಮನಾಗಿದ್ರು. ಸಂಜೆ ಏಳೂವರೆಗೆ ಕೆಲಸ ಮುಗಿಸಿ ಡಿಸ್ಕನೆಕ್ಟ್ ಮಾಡಿದ್ದಾರೆ, ಸರದಿಯಲ್ಲಿ ಕಾದು ನಿಂತಿದ್ದವೆಲ್ಲ ಒಂದಾದ ಮೇಲೊಂದು ಹೊರಟಿವೆ. ಅತ್ತೆ ಧಾರಾವಾಹಿ ನೋಡ್ತಾ ಕೂತಿದ್ದವರು ಎದ್ದು ಹಾಳೆ ಆರಿಸಿ ಆರಿಸಿ ಇಟ್ಟು, ಮಹಡಿ ಕಡೆ ಮುಖ ಮಾಡಿ ಕೂಗಿದ್ರು: "ಏಳು ಜನಕ್ಕೆ ಮಾಡಿಸ್ತಿದ್ದೀಯೇನೋ ಈ ಪಾಲಿಸೀನ?"