ಆನ್‌ಲೈನ್ ಪಾಠದಲ್ಲಿ ತಂಬೂರಿಯ ಶ್ರುತಿ ಮಾಯ, ವಾಟ್ಸಾಪ್‌ನಲ್ಲಿ 41 ವಾಯ್ಸ್ ಮೆಸೇಜ್ ಬಾಕಿ. ಸಂಗೀತ ಕಲಿಸುವವರು ಏನು ಮಾಡುತ್ತೀರಿ?

ಮಂದ್ರಪಂಚಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಡುಗಾರಿಕೆ ಕಲಿಸುತ್ತೇನೆ. ಒಟ್ಟು 26 ಜನ ಕಲಿಯುತ್ತಿದ್ದಾರೆ, ಅದರಲ್ಲಿ 9 ಜನ ಆನ್‌ಲೈನ್. ಫೋನು, ಲ್ಯಾಪ್‌ಟಾಪು ಎಲ್ಲ ಇದೆ, ಆದರೆ ಇವು ನನಗೆ ಸಹಾಯ ಮಾಡುತ್ತಿವೆಯೋ ನಾನೇ ಇವುಗಳ ಚಾಕರಿ ಮಾಡುತ್ತಿದ್ದೇನೋ ಗೊತ್ತಾಗುತ್ತಿಲ್ಲ.

ಮೊದಲನೆಯ ತಲೆನೋವು ವಿಡಿಯೋ ಪಾಠದ್ದು. ನಾನು ಶ್ರುತಿ, ಅಂದರೆ ಹಾಡಿನ ಹಿಂದೆ ನಿಲ್ಲದೆ ನುಡಿಯುವ ತಂಬೂರಿಯ ಆಧಾರ ಸ್ವರ, ಹಾಕಿಕೊಂಡು ಕೂರುತ್ತೇನೆ. ಆ ಕಡೆ ಮೂರು ನಾಲ್ಕು ಸೆಕೆಂಡು ಕೇಳಿಸಿ ಆಮೇಲೆ ಮಾಯವಾಗುತ್ತದಂತೆ. ಮೇಲಿನ ಸ ಹಿಡಿದು ನಿಂತರೆ ಅದೂ ಅರ್ಧಕ್ಕೇ ನಿಂತು ಹೋಗುತ್ತದಂತೆ. ಮಾತಾಡಿದರೆ ಮಾತ್ರ ಚೆನ್ನಾಗಿ ಕೇಳುತ್ತದೆ. ಇನ್ನು ಒಟ್ಟಿಗೆ ತಾಳ ಹಾಕಿ ಹಾಡಲು ಹೋದರೆ ಮಗು ಒಂದು ಎಣಿಕೆ ಹಿಂದೆ ಬೀಳುತ್ತದೆ, ಅದಕ್ಕಾಗಿ ನಾನು ನಿಧಾನ ಮಾಡುತ್ತೇನೆ, ಅದು ಇನ್ನೂ ನಿಧಾನವಾಗುತ್ತದೆ, ಕೊನೆಗೆ ಸರಳೆ ವರಸೆ (ಆರಂಭದ ಸ್ವರಪಾಠ) ಎತ್ತಿನ ಗಾಡಿ ಏರು ಹತ್ತಿದ ಹಾಗೆ ಆಗುತ್ತದೆ.

ಎರಡನೆಯದು ವಾಟ್ಸಾಪ್. ಅಭ್ಯಾಸ ಮಾಡಿದ್ದನ್ನು ಕಳಿಸಿ ಅಂದಿದ್ದೇ ತಪ್ಪಾಯಿತು. ಕಳೆದ ಭಾನುವಾರ ರಾತ್ರಿ ಎಣಿಸಿದೆ, 41 ವಾಯ್ಸ್ ಮೆಸೇಜ್ ಕೇಳದೆ ಉಳಿದಿತ್ತು. ಮಧ್ಯೆ ಫೀಸಿನ ಮಾತು, ರಜೆಯ ಮಾತು, ಗುಡ್ ಮಾರ್ನಿಂಗ್ ಹೂವು. ಹೋದ ತಿಂಗಳು ಒಬ್ಬಳ ತಪ್ಪು ತಿದ್ದಿ ಇನ್ನೊಬ್ಬಳಿಗೆ ಕಳಿಸಿಬಿಟ್ಟೆ. ಆ ಮಗು ಪಾಪ, ಸರಿಯಾಗಿ ಹಾಡುತ್ತಿದ್ದದ್ದನ್ನು ನಾನು ಹೇಳಿದೆ ಅಂತ ಕೆಡಿಸಿಕೊಂಡು ಬಂದಿತ್ತು. ನಾನೇ ಕ್ಷಮೆ ಕೇಳಿದೆ.

ಇನ್ನೊಂದು ಸಣ್ಣದು. ಒಬ್ಬ ಹುಡುಗನ ತಂದೆ, ಸ್ವರ ಸರಿ ಇದೆಯಾ ಅಂತ ಮುಳ್ಳಿನಲ್ಲಿ ತೋರಿಸುವ ಟ್ಯೂನರ್ ಆ್ಯಪ್ ಹಿಡಿದುಕೊಂಡು ಪಕ್ಕದಲ್ಲೇ ಕೂರುತ್ತಾರೆ. "ಗಾಂಧಾರ ಕಡಿಮೆ ತೋರಿಸುತ್ತಿದೆಯಲ್ಲ ಮೇಡಂ" ಅನ್ನುತ್ತಾರೆ. ನನ್ನ ಕಿವಿಗೆ ಆ ಗ ಸ್ವರ ಸರಿಯಾಗೇ ಇದೆ. ಏನು ಹೇಳಲಿ?

ಕಪ್ಪುಬಿಳಿಮನೆ ಉತ್ತರ:

ಮೇಡಂ, ನಾನು ಕೀಬೋರ್ಡ್ ಕಲಿಸುವವನು. ಶ್ರುತಿ ಮಾಯವಾಗುವುದು ನಿಮ್ಮ ಇಂಟರ್‌ನೆಟ್ಟಿನ ದೋಷ ಅಲ್ಲ. ಈ ಆ್ಯಪ್‌ಗಳನ್ನು ಮಾಡಿರುವುದು ಮೀಟಿಂಗ್‌ಗೆ. ಮಾತು ಏರಿಳಿಯುತ್ತದೆ, ಮಧ್ಯೆ ನಿಲ್ಲುತ್ತದೆ. ಏರಿಳಿಯದೆ ಒಂದೇ ಸಮನೆ ಬರುವ ಸದ್ದು ಅಂದರೆ ಅದರ ಲೆಕ್ಕದಲ್ಲಿ ಫ್ಯಾನು, ಮಿಕ್ಸಿ, ಹೊರಗಿನ ಗಾಡಿ. ತಂಬೂರಿಯೂ ಒಂದೇ ಸಮನೆ ಬರುತ್ತದೆ, ನೀವು ಸ್ವರ ಹಿಡಿದು ನಿಲ್ಲುವ ಕಾರ್ವೆಯೂ ಹಾಗೇ. ಮೂರು ಸೆಕೆಂಡು ಕೇಳಿ, ಓಹೋ ಇದು ಗಲಾಟೆ ಅಂತ ತೀರ್ಮಾನಿಸಿ ಅಳಿಸಿಹಾಕುತ್ತದೆ. ಅದು ಪಾಪ ತನ್ನ ಕೆಲಸ ಮಾಡುತ್ತಿದೆ.

ಝೂಮ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಆಡಿಯೋ ಭಾಗದಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್' ಅಂತ ಇದೆ. ಅದನ್ನು ಆರಿಸಿ. ಇಷ್ಟಕ್ಕೇ ಮುಗಿಯಲಿಲ್ಲ, ಕರೆ ಶುರುವಾದ ಮೇಲೆ ಪರದೆಯ ಮೇಲ್ಗಡೆ ಅದರದ್ದೇ ಒಂದು ಬಟನ್ ಬರುತ್ತದೆ, ಅದು ಆನ್ ಇದೆಯಾ ನೋಡಿಕೊಳ್ಳಿ. ನಾನು ಮೊದಲ ತಿಂಗಳು ಸೆಟ್ಟಿಂಗ್ ಮಾಡಿ ಬಟನ್ ಒತ್ತದೆ ಬೈದುಕೊಂಡಿದ್ದೆ. ಗೂಗಲ್ ಮೀಟ್ ಆದರೆ ನಾಯ್ಸ್ ಕ್ಯಾನ್ಸಲೇಷನ್ ಆಫ್ ಮಾಡಿ. ಮುಖ್ಯವಾದ ಮಾತು: ಇದನ್ನು ಮಗುವಿನ ಕಡೆಯೂ ಮಾಡಿಸಬೇಕು. ನೀವು ಕೇಳಬೇಕಾಗಿರುವುದು ಅದರ ದನಿಯನ್ನು ಅಲ್ವಾ.

ಇದಕ್ಕಿಂತ ಸುಲಭವಾದದ್ದೂ ಒಂದಿದೆ. ಶ್ರುತಿಯನ್ನು ಕರೆಯ ಮೂಲಕ ಕಳಿಸಲೇ ಬೇಡಿ. ಮಗು ತನ್ನ ಮನೆಯಲ್ಲೇ, ಕರೆಗೆ ಬಳಸದ ಇನ್ನೊಂದು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಲಿ. ನೀವು ನಿಮ್ಮಲ್ಲಿ ಅದೇ ಶ್ರುತಿ ಹಾಕಿಕೊಳ್ಳಿ. ತಂಬೂರಿ ನುಡಿಸುವ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ದರೆ ಆಲಾಪನೆ ಮಧ್ಯದಲ್ಲಿ ಯಾರೋ ಸಾಲ ಬೇಕಾ ಅಂತ ಫೋನ್ ಮಾಡುತ್ತಾರೆ, ತಂಬೂರಿ ನಿಂತು ರಿಂಗ್‌ಟೋನ್ ಶುರುವಾಗುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ (ಕೆಳಗಿನ ಸ್ವರ) ಸರಿಯಾಗಿ ಬರುವುದಿಲ್ಲ. ಹೊರಗಿನ ಸ್ಪೀಕರ್ ಯಾವುದಾದರೂ ಇದ್ದರೆ ಅದಕ್ಕೆ ಸಿಕ್ಕಿಸಿ.

ಒಟ್ಟಿಗೆ ಹಾಡುವ ಆಸೆ ಮಾತ್ರ ಬಿಟ್ಟುಬಿಡಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಮೂರೂವರೆ ಮೀಟರ್ ದೂರದಲ್ಲಿ ಕೂತವರಿಗೆ ತಲುಪಲು 10 ಮಿಲಿಸೆಕೆಂಡು ಸಾಕು. 25-30 ಮಿಲಿಸೆಕೆಂಡಿನವರೆಗೆ ಜೊತೆಯಲ್ಲಿ ಹಾಡಲು ಅಷ್ಟು ಕಷ್ಟ ಇಲ್ಲ. ವಿಡಿಯೋ ಕರೆಯಲ್ಲಿ 100 ದಾಟುವುದು ಮಾಮೂಲು, ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಅದರದ್ದೇ ಇನ್ನೊಂದು 100-200 ಸೇರುತ್ತದೆ. ವೈರಿನ ಇಯರ್‌ಫೋನ್ ಹಾಕಿ. ತಾಳ ಮಗುವಿನ ಕೈಯಲ್ಲೇ ಇರಲಿ, ನೀವು ಕೈ ಕಟ್ಟಿಕೊಂಡು ಕೂತು ಕೇಳಿ. ನೀವು ತಟ್ಟಿದ ತಕ್ಷಣ ಗಾಡಿ ಏರು ಹತ್ತುತ್ತದೆ. ಸೋನೋಬಸ್, ಜ್ಯಾಕ್‌ಟ್ರಿಪ್ ಅಂತ ಈ ತಡವನ್ನು ಕಡಿಮೆ ಮಾಡುವ ಸಾಫ್ಟ್‌ವೇರ್‌ಗಳಿವೆ, ಆದರೆ ಎರಡೂ ಕಡೆ ವೈರ್ ಇಂಟರ್‌ನೆಟ್ ಬೇಕು, ದೂರ ಜಾಸ್ತಿ ಇರಬಾರದು. ಸರಳೆ ಕಲಿಯುವ ಮಗುವಿಗೆ ಅದೆಲ್ಲ ಅತಿಯಾಯಿತು.

ಕಮಾನುಕೈ ಉತ್ತರ:

ಟ್ಯೂನರ್ ಹಿಡಿದ ತಂದೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಪಿಟೀಲು ಕಲಿಸುವ ನನಗೆ ಇಂಥ ಮೂವರು ಸಿಕ್ಕಿದ್ದಾರೆ.

ಟ್ಯೂನರ್ ಆ್ಯಪ್ ಸಾಮಾನ್ಯವಾಗಿ ಕೀಬೋರ್ಡಿನ ಲೆಕ್ಕ ಇಟ್ಟುಕೊಂಡಿರುತ್ತದೆ. ಒಂದು ಸ್ಥಾಯಿಯನ್ನು, ಅಂದರೆ ಕೆಳಗಿನ ಸ ಇಂದ ಮೇಲಿನ ಸ ವರೆಗಿನದನ್ನು, 12 ಸಮಭಾಗ ಮಾಡಿ, ಒಂದೊಂದಕ್ಕೆ 100 ಸೆಂಟ್ಸ್ (ಸ್ವರಗಳ ಅಂತರ ಅಳೆಯುವ ಮಾನ) ಅಂತ ಹಂಚಿರುತ್ತದೆ. ಆ ಲೆಕ್ಕದಲ್ಲಿ ಅಂತರ ಗಾಂಧಾರ 400ಕ್ಕೆ ಬರಬೇಕು. ಆದರೆ ತಂಬೂರಿಯ ಜೊತೆ ಕೂಡಿ ನಿಲ್ಲುವ ಗಾಂಧಾರ, ಅಂದರೆ ಸ 4 ಸಲ ಕಂಪಿಸುವಾಗ ಗ 5 ಸಲ ಕಂಪಿಸುವ ಪ್ರಮಾಣದ್ದು, 386ರ ಹತ್ತಿರ ಇರುತ್ತದೆ. 14 ಸೆಂಟ್ಸ್ ಕೆಳಗೆ. ಹುಡುಗ ತಂಬೂರಿ ಕೇಳಿಸಿಕೊಂಡು ಸರಿಯಾಗಿ ಹಾಡಿದ್ದರಿಂದಲೇ ಮುಳ್ಳು ಕಡಿಮೆ ತೋರಿಸಿದೆ. ಪಂಚಮದಲ್ಲಿ (ಪ ಸ್ವರ) ಈ ವ್ಯತ್ಯಾಸ ಬರೀ 2 ಸೆಂಟ್ಸ್, ಅದಕ್ಕೇ ಅವರು ಪಂಚಮದ ಬಗ್ಗೆ ಏನೂ ಹೇಳುತ್ತಿಲ್ಲ. ಸ್ವರವನ್ನು ಅಲುಗಿಸಿ ಹಾಡುವ ಗಮಕ ಬಂದರಂತೂ ಮುಳ್ಳಿಗೆ ದೆವ್ವ ಹಿಡಿಯುತ್ತದೆ.

ನಾನು ಟ್ಯೂನರ್ ಬಳಸುವುದು ತಂತಿ ಶ್ರುತಿ ಮಾಡುವಾಗ. ಅದೂ ಮೊದಲು ಕಿವಿಯಲ್ಲಿ ಕೂಡಿಸಿ, ತಂತಿ ಬಿಗಿಯುವ ಬಿರಡೆಯಿಂದ ಕೈ ತೆಗೆದು, ಆಮೇಲೆ ಆ್ಯಪ್ ನೋಡಬೇಕು. ಮೊದಲೇ ಆ್ಯಪ್ ನೋಡುವ ಮಕ್ಕಳು ತಂತಿ ಕೇಳುವುದಿಲ್ಲ, ಹಸಿರು ದೀಪ ಹುಡುಕುತ್ತಾರೆ.

ವಾಟ್ಸಾಪ್ ವಿಷಯಕ್ಕೆ ನನ್ನಲ್ಲಿ ಒಂದೇ ನಿಯಮ. ವಾರಕ್ಕೆ ಒಂದು ರೆಕಾರ್ಡಿಂಗ್, ಒಂದು ನಿಮಿಷ ಮೀರಬಾರದು, ಶುರುವಿನಲ್ಲಿ ಹೆಸರು ಮತ್ತು ಪಾಠ ಹೇಳಬೇಕು, ಕೊನೆಯಲ್ಲಿ ತಾನೇ ಕೇಳಿ ಎಲ್ಲಿ ಸರಿ ಬಂದಿಲ್ಲ ಅಂತ ಒಂದು ಸಾಲು ಬರೆಯಬೇಕು. ಈ ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ಕಳಿಸುವ ಮುಂಚೆ ಕೇಳುತ್ತಾರೆ, ಅಯ್ಯೋ ಇದು ಬೇಡ ಅಂತ ಮತ್ತೆ ನುಡಿಸುತ್ತಾರೆ, ಮತ್ತೆ ಕೇಳುತ್ತಾರೆ. ನನಗೆ ಬರುವ ಹೊತ್ತಿಗೆ ನಾಲ್ಕನೆಯದೋ ಐದನೆಯದೋ ಆಗಿರುತ್ತದೆ.

ಹಳೇನೋಟ್‌ಬುಕ್ ಉತ್ತರ:

ಎಲ್ಲರೂ ಬೈಯಿರಿ ಪರವಾಗಿಲ್ಲ. ನಾನು ರೆಕಾರ್ಡಿಂಗ್ ಕೊಡುವುದನ್ನೇ ನಿಲ್ಲಿಸಿದ್ದೇನೆ.

ಮೊದಲು ಪ್ರತಿ ಪಾಠವನ್ನೂ ಹಾಡಿ ಗುಂಪಿಗೆ ಹಾಕುತ್ತಿದ್ದೆ. ಒಂದು ಸಲ ನನಗೆ ಶೀತ. ವರ್ಣ ಅನ್ನುವ ಒಂದು ರಚನೆಯ ಚರಣದಲ್ಲಿ ಉಸಿರು ಸಾಲದೆ, ತುಂಡು ಮಾಡಬಾರದ ಜಾಗದಲ್ಲಿ ತುಂಡು ಮಾಡಿ ಮುಂದೆ ಹೋದೆ. ಮತ್ತೆ ಹಾಡಲು ಸೋಮಾರಿತನ, ಹಾಗೇ ಕಳಿಸಿದೆ. ಮುಂದಿನ ವಾರ ಆರು ಜನ ಬಂದರು. ಆರಕ್ಕೆ ಆರೂ ಜನ ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡರು. ಒಬ್ಬ ಹುಡುಗ ಮುಂಚೆ ಸಣ್ಣಗೆ ಗಂಟಲು ಬೇರೆ ಸರಿಮಾಡಿಕೊಂಡ!

ರೆಕಾರ್ಡಿಂಗ್ ಮನೆಯಲ್ಲಿದೆ ಅಂತ ಗೊತ್ತಿದ್ದರೆ ಪಾಠದ ಹೊತ್ತಿನಲ್ಲಿ ಕಿವಿ ನಿದ್ದೆ ಹೋಗುತ್ತದೆ. ಈಗ ಪಾಠದಲ್ಲೇ ಮೂರು ಸಲ ಹೇಳಿಸುತ್ತೇನೆ, ಸ್ವರ ಅವರ ಕೈಯಲ್ಲೇ ಬರೆಸುತ್ತೇನೆ, ಆ ಪುಟದ ಫೋಟೋ ನನಗೆ ಕಳಿಸುತ್ತಾರೆ. ನಾನು ಬಳಸುವ ತಂತ್ರಜ್ಞಾನ ಇಷ್ಟೇ. ಫೋಟೋ ನೋಡಿದರೆ ಯಾರು ದೀರ್ಘ ಎಲ್ಲಿ ಬಿಟ್ಟಿದ್ದಾರೆ ಅಂತ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಕಪ್ಪುಬಿಳಿಮನೆ ಉತ್ತರ:

ಹಳೇನೋಟ್‌ಬುಕ್ ಅವರೇ, ಗಂಟಲಿನ ಕಥೆಗೆ ನಕ್ಕು ಸಾಕಾಯಿತು. ಆದರೆ ತಪ್ಪು ರೆಕಾರ್ಡಿಂಗಿನದಲ್ಲ, ಶೀತದ್ದು 🙂 ನಿಧಾನಕ್ಕೆ ಕಲಿಯುವವರಿಗೆ ಕೇಳಲು ಏನೂ ಇಲ್ಲದಿದ್ದರೆ ಆರು ದಿನ ತಪ್ಪನ್ನೇ ಗಟ್ಟಿ ಮಾಡಿಕೊಂಡು ಬರುತ್ತಾರೆ. ನಾನು ಇಡೀ ಪಾಠ ಕೊಡುವುದಿಲ್ಲ, ಕಷ್ಟದ ಎರಡು ಸಾಲು ಮಾತ್ರ ಕೊಡುತ್ತೇನೆ. ಒಂದು ವಿಷಯ ಗಮನಿಸಿ, ವಾಟ್ಸಾಪ್ ವಾಯ್ಸ್ ಮೆಸೇಜನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗವಾಗಿ ಓಡಿಸಬಹುದು. ನಮಗೆ ಬೇಕಾಗಿರುವುದು ಉಲ್ಟಾ. ಯೂಟ್ಯೂಬಿನಲ್ಲಿ 0.75ಕ್ಕೆ ಇಟ್ಟರೆ ಶ್ರುತಿ (ಸ್ವರದ ಎತ್ತರ) ಬದಲಾಗದೆ ನಿಧಾನವಾಗುತ್ತದೆ. ನಿಮ್ಮದೇ ಫೈಲ್ ಆದರೆ ಆಡಾಸಿಟಿ ಇದೆ, ಉಚಿತ. ಅದರಲ್ಲಿ 'ಚೇಂಜ್ ಟೆಂಪೋ' ಆರಿಸಿ. 'ಚೇಂಜ್ ಸ್ಪೀಡ್ ಅಂಡ್ ಪಿಚ್' ಆರಿಸಿದರೆ ಶ್ರುತಿಯೂ ಇಳಿದು ನಿಮ್ಮ ದನಿ ಗುಹೆಯಿಂದ ಬಂದ ಹಾಗೆ ಕೇಳುತ್ತದೆ. ಅರ್ಧಕ್ಕಿಂತ ಕಡಿಮೆ ಮಾಡಬೇಡಿ, ಗಮಕವೆಲ್ಲ ಅಂಟು ಅಂಟಾಗುತ್ತದೆ.

ನಲವತ್ತಕ್ಕೆ_ಶಿಷ್ಯ ಉತ್ತರ:

ನಾನು ಕಲಿಸುವವನಲ್ಲ, ಕಲಿಯುವವನು. ಆ ಕಡೆಯಿಂದ ಒಂದು ಮಾತು ಹೇಳಬಹುದಾ?

ನಾವು ಕಳಿಸಿದ್ದಕ್ಕೆ "ನಿಷಾದ ನೋಡಿಕೊಳ್ಳಿ" ಅಂತ ಎರಡು ಪದ ಬಂದರೆ ಏನೂ ತಿಳಿಯುವುದಿಲ್ಲ ಮೇಡಂ. ಹಾಡಿದ್ದರಲ್ಲಿ ನಿಷಾದ, ಅಂದರೆ ನಿ ಸ್ವರ, ಎಂಟು ಸಲ ಬಂದಿರುತ್ತದೆ. ಎಲ್ಲವೂ ತಪ್ಪಾ, ಒಂದು ತಪ್ಪಾ? ಸುಮ್ನೆ ಎಂಟನ್ನೂ ಮೇಲೆ ಕೆಳಗೆ ಮಾಡುತ್ತಾ ಕೂರುತ್ತೇನೆ. ನಮ್ಮ ಈಗಿನ ಗುರುಗಳು ಹತ್ತು ಸೆಕೆಂಡಿನ ಉತ್ತರ ಕಳಿಸುತ್ತಾರೆ. ಮೊದಲು ನಾನು ಹಾಡಿದ ಹಾಗೇ, ತಪ್ಪನ್ನು ಹಾಗೇ ಇಟ್ಟು ಹಾಡುತ್ತಾರೆ. ಒಂದು ಕ್ಷಣ ನಿಲ್ಲಿಸಿ ಸರಿಯಾದದ್ದನ್ನು ಹಾಡುತ್ತಾರೆ. ಮಾತೇ ಇಲ್ಲ. ನಾನು ಹಾಡಿದ ಹಾಗೆ ಅವರು ಹಾಡಿದ್ದನ್ನು ಕೇಳಿದಾಗ ಮೊದಲ ಸಲ ಮುಖ ಕೆಂಪಾಯಿತು, ಆದರೆ ಆ ನಿಷಾದ ಅವತ್ತೇ ಸರಿಯಾಯಿತು. ಅವರು ಉತ್ತರವನ್ನು ನನ್ನ ಮೆಸೇಜಿಗೇ ರಿಪ್ಲೈ ಮಾಡಿ ಕಳಿಸುತ್ತಾರೆ, ಹಾಗಾಗಿ ಯಾರದ್ದು ಯಾರಿಗೆ ಅನ್ನುವ ಗೊಂದಲ ಬರುವುದಿಲ್ಲ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ನೋಡಿ, ಅಂಗಡಿಯವರಿಗಷ್ಟೇ ಅಲ್ಲ. ಒಬ್ಬೊಬ್ಬರ ಮೇಲೂ ಲೇಬಲ್ ಹಾಕಬಹುದು, ಇಂಥ ಹೊತ್ತಿನ ಮೇಲೆ ಉತ್ತರ ಸಿಗುವುದಿಲ್ಲ ಅಂತ ತಾನಾಗೇ ಮೆಸೇಜ್ ಹೋಗುವ ಹಾಗೆ ಇಡಬಹುದು. ರಾತ್ರಿ ಹನ್ನೊಂದಕ್ಕೆ ಜಂಟಿ ವರಸೆ ಕಳಿಸುವ ನನ್ನಂಥವರಿಗೆ ಅದೇ ಮದ್ದು.

ಕಮಾನುಕೈ ಉತ್ತರ:

ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಮಕ್ಕಳ ವಿಡಿಯೋ ಗುಂಪಿಗೆ ಹಾಕಿಸಬೇಡಿ, ನಿಮಗೆ ಒಬ್ಬರಿಗೇ ಬರಲಿ. ಎಲ್ಲಾದರೂ ಹಾಕಬೇಕೆಂದಿದ್ದರೆ ಮನೆಯವರನ್ನು ಕೇಳಿ. ಮತ್ತೆ, ಫೋನನ್ನು ಬಾಯಿಯ ಹತ್ತಿರ ಹಿಡಿಯಬೇಡಿ ಅಂತ ಹೇಳಿ, ತಾರಸ್ಥಾಯಿಯಲ್ಲಿ (ಮೇಲಿನ ಸ್ವರಗಳಲ್ಲಿ) ದನಿ ಒಡೆದು ಬರುತ್ತದೆ. ಒಂದು ಮಾರು ದೂರದಲ್ಲಿ, ಬಟ್ಟೆಯ ಮೇಲೆ ಇಟ್ಟರೆ ಸಾಕು.

ಮಂದ್ರಪಂಚಮ ಉತ್ತರ:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ತಡವಾಯಿತು.

ಒರಿಜಿನಲ್ ಸೌಂಡ್ ಬಟನ್ ಒತ್ತಿದ ದಿನ ಒಬ್ಬಳು "ಮಿಸ್, ನಿಮ್ಮ ತಂಬೂರಿ ಬಂತು!" ಅಂತ ಕೂಗಿದಳು. ಆದರೆ ಅದರ ಜೊತೆ ದನಿ ತಿರುಗಿ ಬರುವುದನ್ನು ತಡೆಯುವ ಎಕೋ ಕ್ಯಾನ್ಸಲೇಷನ್ ಕೂಡ ಮಕ್ಕಳ ಕಡೆಯೂ ಆಫ್ ಮಾಡಿಸಿಬಿಟ್ಟಿದ್ದೆ. ಒಂದು ಮಗುವಿನ ಹತ್ತಿರ ಇಯರ್‌ಫೋನ್ ಇರಲಿಲ್ಲ, ನನ್ನ ದನಿ ಅದರ ಸ್ಪೀಕರಿನಿಂದ ಮೈಕಿಗೆ ಹೋಗಿ ನನಗೇ ವಾಪಸ್ ಬರುತ್ತಿತ್ತು. ಆ ಮನೆಯ ಕಡೆ ಮಾತ್ರ ಹಳೆಯ ಸೆಟ್ಟಿಂಗೇ ಇರಲಿ ಅಂದೆ. ಶ್ರುತಿ ಅವರ ಕಡೆಯೇ ಹಾಕಿಸಿದ್ದೇನೆ, ಸಾಕಾಗಿದೆ. ತಾಳಕ್ಕೆ ಕೈ ಹಾಕದೆ ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ.

ಒಂದು ನಿಮಿಷದ ನಿಯಮ, ಕೊನೆಯ ಸಾಲಿನ ನಿಯಮ ಎರಡೂ ಜಾರಿಯಲ್ಲಿವೆ. ಈ ಭಾನುವಾರ ಬಾಕಿ ಇದ್ದದ್ದು 12. ಒಬ್ಬ ಬರೆದಿದ್ದ: "ಎಲ್ಲಾ ಕಡೆ ಸರಿ ಬಂದಿಲ್ಲ ಮಿಸ್, ಆದರೂ ಕಳಿಸಿದ್ದೀನಿ." ನಿಜವಾಗಿ ಚೆನ್ನಾಗಿ ಹಾಡಿದ್ದ.

ಟ್ಯೂನರ್ ತಂದೆಗೆ 386ರ ಲೆಕ್ಕ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಕೀಬೋರ್ಡಿನ ಗಾಂಧಾರ ಒತ್ತಿ ಹಿಡಿದು, ಜೊತೆಗೆ ತಂಬೂರಿ ಹಾಕಿ ಕೇಳಿಸಿದೆ. ಆಮೇಲೆ ಮಗನಿಗೆ ಹಾಡಲು ಹೇಳಿದೆ. ಎರಡು ಸಲ ಕೇಳಿದರು, ಫೋನನ್ನು ಜೇಬಿಗೆ ಹಾಕಿಕೊಂಡರು, ಏನೂ ಮಾತಾಡಲಿಲ್ಲ. ಮುಂದಿನ ಪಾಠಕ್ಕೆ ಏನು ತರುತ್ತಾರೋ ನೋಡಬೇಕು.

ಹಳೇನೋಟ್‌ಬುಕ್ ಅವರ ಫೋಟೋ ಉಪಾಯವನ್ನೂ ಹಿಡಿದಿದ್ದೇನೆ. ಆದರೆ ರೆಕಾರ್ಡಿಂಗ್ ಪೂರ್ತಿ ಬಿಡಲು ಧೈರ್ಯ ಸಾಲದು, ಎರಡು ಸಾಲು ಕೊಡುತ್ತಿದ್ದೇನೆ, ಶೀತ ಇಲ್ಲದ ದಿನ.

ಒಂದೇ ದೂರು. ಏರೋಪ್ಲೇನ್ ಮೋಡ್ ತೆಗೆಯಲು ಮರೆತು ನಿನ್ನೆ ಸಂಜೆಯಿಂದ ರಾತ್ರಿಯವರೆಗೆ ನನ್ನ ತಂಬೂರಿ ಫೋನಿಗೆ ಯಾರ ಕರೆಯೂ ಬಂದಿಲ್ಲ. ಮನೆಯವರು ಹುಡುಕಿಕೊಂಡು ಕೋಣೆಗೆ ಬಂದಾಗ ತಂಬೂರಿ ಇನ್ನೂ ನುಡಿಯುತ್ತಿತ್ತು, ನಾನು ಸಮಯ ನೋಡಿರಲಿಲ್ಲ.